ನೀಲಿ ಪರದೆಯ ಹಿಂದಿನ ಕಥೆ: ಡ್ರೈವರ್ ತಪ್ಪು ಹಿಡಿಯುವ ತಂತ್ರ ಕಟ್ಟಿದ ಶ್ರೀರಾಮ್ ರಾಜಮಣಿ

ಕೊಪ್ಪ: ಅಂಗಡಿ ತುಂಬ ಗಿರಾಕಿಗಳಿರುವಾಗ ಬಿಲ್ಲಿಂಗ್ ಕಂಪ್ಯೂಟರ್ ಪರದೆ ಇದ್ದಕ್ಕಿದ್ದ ಹಾಗೆ ನೀಲಿಯಾಗಿ, ನಾಲ್ಕು ಸಾಲು ಇಂಗ್ಲಿಷ್ ತೋರಿಸಿ, ತನ್ನಷ್ಟಕ್ಕೇ ಆಫ್ ಆಗಿ ಆನ್ ಆಗೋದನ್ನು ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ವ್ಯಾಪಾರಸ್ಥರಲ್ಲಿ ನೋಡದೇ ಇರುವವರು ಕಡಿಮೆ. ನಮ್ಮ ಕಡೆ ಇದಕ್ಕೆ ಮೊದಲ ಆರೋಪಿ ಕರೆಂಟು, ಎರಡನೇ ಆರೋಪಿ ವೈರಸ್. ಆದರೆ ಬಹಳ ಸಲ ತಪ್ಪು ಮಾಡಿದ್ದು ಇವೆರಡೂ ಅಲ್ಲ. ಪ್ರಿಂಟರ್, ವೈಫೈ, ಸ್ಕ್ಯಾನರ್, ಬೆರಳಚ್ಚು ಯಂತ್ರ ಹೀಗೆ ಏನೋ ಒಂದನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ. ಅದರ ಹೆಸರು ಡ್ರೈವರ್.

ಈ ಡ್ರೈವರ್‌ಗಳಲ್ಲಿ ತಪ್ಪು ಇದೆಯಾ ಇಲ್ಲವಾ ಅಂತ, ಅವನ್ನು ಓಡಿಸಿ ನೋಡದೆ, ಬರೀ ಅದರ ಬರವಣಿಗೆ ನೋಡಿ ಗಣಿತದ ಲೆಕ್ಕದಲ್ಲಿ ಹೇಳುವ ತಂತ್ರವನ್ನು ಕಟ್ಟಿದವರು ಇಬ್ಬರು. ಒಬ್ಬರು ಅಮೆರಿಕದ ಥಾಮಸ್ ಬಾಲ್. ಇನ್ನೊಬ್ಬರು ಶ್ರೀರಾಮ್ ರಾಜಮಣಿ. ರಾಜಮಣಿ ಅವರ ಕೆಲಸ ಆಮೇಲೆ ಬೆಂಗಳೂರಿನಲ್ಲಿ ಮುಂದುವರಿಯಿತು. ಮೈಕ್ರೋಸಾಫ್ಟ್ ಕಂಪನಿಯ ಬೆಂಗಳೂರು ಸಂಶೋಧನಾ ಕೇಂದ್ರದ ಮುಖ್ಯಸ್ಥರ ಹುದ್ದೆಯವರೆಗೂ ಅವರು ಬಂದರು. ಕಂಪ್ಯೂಟರ್ ವಿಜ್ಞಾನದವರಿಗೆ ಇವರ ಹೆಸರು ಚೆನ್ನಾಗಿ ಗೊತ್ತು. ದಿನಾ ವಿಂಡೋಸ್ ಮೇಲೆ ಬಿಲ್ಲು ಹೊಡೆಯುವ ನಮ್ಮಂತಹ ಊರಿನವರಿಗೆ ಗೊತ್ತಿಲ್ಲ. ಅದಕ್ಕಾಗಿ ಈ ಮಾಹಿತಿ ಲೇಖನ.

ಡ್ರೈವರ್ ಯಾಕೆ ಇಡೀ ಕಂಪ್ಯೂಟರನ್ನೇ ಕೆಡವುತ್ತದೆ?

ನಮ್ಮ ಮಲೆನಾಡಿನ ಹಳೇ ಮನೆ ನೆನಪು ಮಾಡಿಕೊಳ್ಳಿ. ಬಂದವರು ಜಗುಲಿಯಲ್ಲಿ ಕೂರುತ್ತಾರೆ. ಜಗುಲಿಯಲ್ಲಿ ಒಬ್ಬರು ಕಾಫಿ ಚೆಲ್ಲಿದರೆ ಒರೆಸಿದರೆ ಮುಗೀತು. ಒಳಗೆ ಅಡಿಗೆಮನೆ, ಒಲೆ, ಬೆಂಕಿ. ಅಲ್ಲಿಗೆ ಮನೆಯವರು ಮಾತ್ರ. ಕಂಪ್ಯೂಟರಿನಲ್ಲೂ ಹಾಗೇ ಎರಡು ಜಾಗ ಇದೆ. ಟ್ಯಾಲಿ, ಕ್ರೋಮ್, ವರ್ಡ್ ಇವೆಲ್ಲ ಜಗುಲಿಯಲ್ಲಿ ಕೂತವರು. ಒಂದು ಹ್ಯಾಂಗ್ ಆದರೆ ಅದನ್ನು ಮುಚ್ಚಿ ಇನ್ನೊಂದು ಸಲ ತೆರೆದರೆ ಆಯ್ತು. ಒಳಗಿನ ಜಾಗಕ್ಕೆ ಕರ್ನಲ್ ಅಂತಾರೆ. ಮೆಮೊರಿ, ಡಿಸ್ಕು, ಕೀಬೋರ್ಡು ಎಲ್ಲದರ ಹತೋಟಿ ಅಲ್ಲಿ.

ತೊಂದರೆ ಇರೋದು ಇಲ್ಲೇ. ಬಹಳಷ್ಟು ಡ್ರೈವರ್‌ಗಳು ಓಡೋದು ಅಡಿಗೆಮನೆಯಲ್ಲಿ. ಆದರೆ ಬರೆದವರು ಮನೆಯವರಲ್ಲ. ವಿಂಡೋಸ್ ಮಾಡೋದು ಮೈಕ್ರೋಸಾಫ್ಟ್, ಪ್ರಿಂಟರಿನ ಡ್ರೈವರ್ ಬರೆಯೋದು ಪ್ರಿಂಟರ್ ಕಂಪನಿ, ವೈಫೈ ಚಿಪ್ಪಿನದು ಚಿಪ್ ಕಂಪನಿ. ಸಾವಿರಾರು ಕಂಪನಿ, ಸಾವಿರಾರು ಕೈ. ಒಳಗೆ ಇರುವಾಗ ಇಂತಿಂಥ ನಿಯಮ ಪಾಲಿಸಬೇಕು ಅಂತ ಮೈಕ್ರೋಸಾಫ್ಟ್ ದಪ್ಪ ಪುಸ್ತಕವನ್ನೇ ಕೊಡುತ್ತದೆ. ಪಾಲಿಸದೆ ಇದ್ದರೆ? ಒಲೆಯ ಬೆಂಕಿ ಇಡೀ ಮನೆಗೆ ಹತ್ತುತ್ತದೆ. ಹಾಗಾಗುವ ಮೊದಲೇ ವಿಂಡೋಸ್ ತಾನೇ ಎಲ್ಲ ನಿಲ್ಲಿಸಿ ನೀಲಿ ಪರದೆ ತೋರಿಸುತ್ತದೆ. ಡೇಟಾ ಹಾಳಾಗಬಾರದು ಅಂತ ಮಾಡುವ ತುರ್ತು ನಿಲುಗಡೆ ಅದು.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವರದಿಯಾದ ಕುಸಿತಗಳಲ್ಲಿ ಶೇ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣ ಅಂತ 2003ರ ಒಂದು ಪ್ರಸಿದ್ಧ ಸಂಶೋಧನಾ ಪ್ರಬಂಧದಲ್ಲಿ ಲೆಕ್ಕ ಇದೆ. ಬೈಗುಳ ತಿಂದಿದ್ದು ಮಾತ್ರ ಮೈಕ್ರೋಸಾಫ್ಟ್. ಪರದೆಯ ಮೇಲೆ ಹೆಸರು ಇರೋದು ಅವರದ್ದೇ ಅಲ್ವ.

ಗಿಂಡಿಯಿಂದ ಬರ್ಕ್ಲಿಗೆ

ರಾಜಮಣಿ ಎಂಜಿನಿಯರಿಂಗ್ ಓದಿದ್ದು ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ 1999ರಲ್ಲಿ ಪಿಎಚ್.ಡಿ. ಮುಗಿಸಿದರು. ಮಾರ್ಗದರ್ಶಕರು ಥಾಮಸ್ ಹೆನ್ಸಿಂಗರ್.

ಅವರು ಅಲ್ಲಿ ಓದುತ್ತಿದ್ದ ಕಾಲದಲ್ಲಿ ಈ ವಿದ್ಯೆಗೆ ಒಳ್ಳೇ ಬೇಡಿಕೆ ಬಂದಿತ್ತು. ಕಾರಣ 1994ರ ಒಂದು ಗಲಾಟೆ. ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪು ಕೆಲವು ಸಂಖ್ಯೆಗಳನ್ನು ಭಾಗಿಸುವಾಗ ತಪ್ಪು ಉತ್ತರ ಕೊಡುತ್ತಿತ್ತು. ಚಿಪ್ಪಿನ ಒಳಗಿನ ಒಂದು ಕೋಷ್ಟಕದಲ್ಲಿ ಕೆಲವು ಮನೆ ಖಾಲಿ ಬಿಟ್ಟುಹೋಗಿದ್ದವು, ಅಷ್ಟೇ. ಚಿಪ್ಪು ವಾಪಸ್ ತೆಗೆದುಕೊಂಡು ಬದಲಿ ಕೊಡಲು ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯ್ತು. ಸಾಫ್ಟ್‌ವೇರಿನ ತಪ್ಪನ್ನು ಅಪ್‌ಡೇಟ್ ಕಳಿಸಿ ಸರಿ ಮಾಡಬಹುದು. ಮಾರಾಟವಾದ ಚಿಪ್ಪನ್ನು ಹೇಗೆ ಸರಿ ಮಾಡ್ತೀರಿ? ಹಾಗಾಗಿ ಚಿಪ್ಪಿನ ಕಂಪನಿಗಳು ಬರೀ ಟೆಸ್ಟಿಂಗ್ ನಂಬದೆ, ವಿನ್ಯಾಸ ಸರಿ ಇದೆ ಅಂತ ಗಣಿತದಲ್ಲೇ ರುಜುವಾತು ಮಾಡುವ ದಾರಿ ಹಿಡಿದವು. ಈ ದಾರಿಗೆ ಫಾರ್ಮಲ್ ಮೆಥಡ್ಸ್ ಅಂತ ಹೆಸರು. ಬರ್ಕ್ಲಿಯಲ್ಲಿ ಮೋಕಾ ಅನ್ನುವ ಪರಿಶೀಲನಾ ಸಾಧನ ಕಟ್ಟಿದ ತಂಡದಲ್ಲಿ ರಾಜಮಣಿ ಇದ್ದರು.

ಟೆಸ್ಟಿಂಗಿಗೂ ರುಜುವಾತಿಗೂ ಏನು ವ್ಯತ್ಯಾಸ ಅಂತ ಕೇಳಿದರೆ, ಅಡಿಕೆ ಮಂಡಿಗೆ ಹೋಗಿ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ನಾಲ್ಕು ಒಡೆದು ನೋಡುತ್ತಾನೆ, ರೇಟು ಹೇಳುತ್ತಾನೆ. ಅದು ಟೆಸ್ಟಿಂಗ್. ಹಿಡಿಯಲ್ಲಿ ಕೆಟ್ಟದ್ದು ಸಿಕ್ಕಿದರೆ ಚೀಲದಲ್ಲಿ ಕೆಟ್ಟದ್ದು ಇದೆ ಅನ್ನೋದು ಖಾತ್ರಿ. ಸಿಗದಿದ್ದರೆ? ಸಿಗಲಿಲ್ಲ, ಅಷ್ಟೇ ಹೇಳಬಹುದು. ಅಡಿಕೆ ಚೀಲವನ್ನಾದರೂ ಮನಸ್ಸು ಮಾಡಿದರೆ ನೆಲಕ್ಕೆ ಸುರಿದು ಒಂದೊಂದೇ ಆರಿಸಬಹುದು. ಸಾಫ್ಟ್‌ವೇರಿನ ಚೀಲಕ್ಕೆ ತಳ ಇಲ್ಲ. ಯಾವ ಕ್ಷಣದಲ್ಲಿ ಯಾವ ಬಟನ್ ಒತ್ತುತ್ತಾರೆ, ಪ್ರಿಂಟರ್ ಕೇಬಲ್ ಯಾವಾಗ ಕೀಳುತ್ತಾರೆ, ಎಷ್ಟು ಪೇಜು ಕೊಡುತ್ತಾರೆ ಅನ್ನೋದಕ್ಕೆ ಲೆಕ್ಕವೇ ಇಲ್ಲ. ಅಷ್ಟನ್ನೂ ಓಡಿಸಿ ನೋಡಲು ಆಗಲ್ಲ. ಅದಕ್ಕೇ ಓಡಿಸದೆ ನೋಡುವ ವಿದ್ಯೆ ಬೇಕಾಗಿದ್ದು.

ಇಡೀ ವಿಂಡೋಸ್ ಬೇಡ, ಡ್ರೈವರ್ ಸಾಕು

1999ರಲ್ಲಿ ರಾಜಮಣಿ ಅಮೆರಿಕದ ರೆಡ್ಮಂಡ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗ ಸೇರಿದರು. ಥಾಮಸ್ ಬಾಲ್ ಅಲ್ಲಿ ಸಹೋದ್ಯೋಗಿ. ಪ್ರೋಗ್ರಾಂಗಳ ಬರವಣಿಗೆಯನ್ನು ವಿಶ್ಲೇಷಿಸುವುದು ಬಾಲ್ ಅವರ ಕ್ಷೇತ್ರ. ಚಿಪ್ಪಿನ ವಿನ್ಯಾಸ ಪರಿಶೀಲಿಸುವ ವಿದ್ಯೆ ರಾಜಮಣಿ ಕೈಯಲ್ಲಿತ್ತು. 2000ದಲ್ಲಿ ಇಬ್ಬರೂ ಸೇರಿ ಸ್ಲಾಮ್ ಅನ್ನುವ ಯೋಜನೆ ಶುರು ಮಾಡಿದರು. ಸ್ಲಾಮ್ ಅನ್ನೋದಕ್ಕೆ ಮೊದಲು ಉದ್ದನೆಯ ಪೂರ್ಣರೂಪ ಇತ್ತಂತೆ. ವಿವರಿಸಿ ವಿವರಿಸಿ ಸಾಕಾಗಿ, ತಪ್ಪುಗಳನ್ನು ಬಡಿಯುವುದು ಅಂತ ಇಟ್ಟುಕೊಳ್ಳಿ ಅಂದುಬಿಟ್ಟರು.

ಇಲ್ಲಿ ಅವರು ತೆಗೆದುಕೊಂಡ ಒಂದು ತೀರ್ಮಾನವೇ ಮುಂದಿನ ಯಶಸ್ಸಿಗೆಲ್ಲ ಕಾರಣ ಅಂತ ನನಗೆ ಅನ್ನಿಸುತ್ತದೆ. ಸಾಫ್ಟ್‌ವೇರ್ ಸರಿ ಇದೆ ಅಂತ ರುಜುವಾತು ಮಾಡುವ ಆಸೆ ಹೊಸದಲ್ಲ. ಬ್ರಿಟನ್ನಿನ ಅಲನ್ ಟ್ಯೂರಿಂಗ್ 1949ರಲ್ಲೇ ಇದರ ಬಗ್ಗೆ ಪ್ರಬಂಧ ಓದಿದ್ದರು. 1960ರ ದಶಕದಲ್ಲಿ ರಾಬರ್ಟ್ ಫ್ಲಾಯ್ಡ್, ಟೋನಿ ಹೋರ್ ಅದಕ್ಕೆ ನಿಯಮಬದ್ಧ ರೂಪ ಕೊಟ್ಟರು. ಆದರೆ ಅದೇ ಟ್ಯೂರಿಂಗ್ 1936ರಲ್ಲಿ ಇನ್ನೊಂದು ಮಾತನ್ನೂ ರುಜುವಾತು ಮಾಡಿದ್ದರು: ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಕೊನೆಗೆ ನಿಲ್ಲುತ್ತದಾ ಇಲ್ಲವಾ ಅಂತ ತಪ್ಪದೆ ಹೇಳುವ ಯಂತ್ರ ಇರಲು ಸಾಧ್ಯವೇ ಇಲ್ಲ. ಅಂದರೆ ಎಲ್ಲ ಪ್ರೋಗ್ರಾಂಗೂ ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಯಂತ್ರಕ್ಕೆ ಬಾಗಿಲು ಮುಚ್ಚಿದೆ.

ಬಾಲ್ ಮತ್ತು ರಾಜಮಣಿ ಆ ಬಾಗಿಲು ತಟ್ಟಲು ಹೋಗಲಿಲ್ಲ. ಕೋಟ್ಯಂತರ ಸಾಲಿನ ವಿಂಡೋಸನ್ನು ಮುಟ್ಟಲಿಲ್ಲ, ಸಣ್ಣ ಗಾತ್ರದ ಡ್ರೈವರ್ ಹಿಡಿದರು. ಡ್ರೈವರ್ ಪೂರ್ತಿ ಸರಿ ಇದೆಯಾ ಅಂತಲೂ ಕೇಳಲಿಲ್ಲ. ಈ ಒಂದು ನಿಯಮ ಪಾಲಿಸುತ್ತಿದೆಯಾ ಅಂತ ಮಾತ್ರ ಕೇಳಿದರು. ಆ ಸಣ್ಣ ಪ್ರಶ್ನೆಗೆ, ಯಾವ ದಾರಿಯಲ್ಲಿ ಹೋದರೂ ನಿಲ್ಲುವಂಥ ಗಟ್ಟಿ ಉತ್ತರ ಬೇಕು ಅಂದರು.

ಪಹಣಿಯ 11ನೇ ಕಾಲಂ

ಸ್ಲಾಮ್ ಹೇಗೆ ಕೆಲಸ ಮಾಡುತ್ತದೆ? ಕೃಷಿ ಸಾಲ ಮಾಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಬ್ಯಾಂಕಿನವರಿಗೆ ಪಹಣಿ ಕೊಟ್ಟರೆ ಮೊದಲು ನೋಡೋದು 11ನೇ ಕಾಲಂ. ಋಣ ಇದೆಯಾ ಇಲ್ಲವಾ? ಮಣ್ಣು ಯಾವುದು, ನೀರು ಎಲ್ಲಿಂದ, ಬೆಳೆ ಯಾವುದು ಅನ್ನೋದೆಲ್ಲ ಆ ಕ್ಷಣಕ್ಕೆ ಬೇಡ. ಅವರ ಪ್ರಶ್ನೆಗೆ ಬೇಕಾದ್ದು ಒಂದೇ ಕಾಲಂ, ಇದೆ ಅಥವಾ ಇಲ್ಲ ಅನ್ನುವ ಒಂದೇ ಉತ್ತರ.

ಸ್ಲಾಮ್ ಕೂಡ ಡ್ರೈವರಿನ ಸಾವಿರಾರು ಸಾಲನ್ನು ಹೀಗೇ ಕರಗಿಸುತ್ತದೆ. ಪ್ರಶ್ನೆಗೆ ಸಂಬಂಧ ಇಲ್ಲದ ಸಂಖ್ಯೆ, ಹೆಸರು, ಲೆಕ್ಕ ಎಲ್ಲ ಬಿಟ್ಟು, ಹೌದು ಅಥವಾ ಅಲ್ಲ ಅನ್ನುವ ಉತ್ತರ ಇರುವ ಕೆಲವೇ ಸಂಗತಿಗಳನ್ನು ಇಟ್ಟುಕೊಂಡು ಒಂದು ಪುಟ್ಟ ಪ್ರೋಗ್ರಾಂ ತಯಾರು ಮಾಡುತ್ತದೆ. ಆ ಪುಟ್ಟ ಪ್ರೋಗ್ರಾಂನಲ್ಲಿ ಇರುವ ದಾರಿಗಳನ್ನೆಲ್ಲ ಒಂದೂ ಬಿಡದೆ ನೋಡಿ ಮುಗಿಸಬಹುದು. ಎಲ್ಲೂ ನಿಯಮ ಮುರಿಯದಿದ್ದರೆ ನಿಜವಾದ ಡ್ರೈವರಿನಲ್ಲೂ ಮುರಿಯಲ್ಲ. ಯಾಕೆಂದರೆ ನಿಜವಾದ ಡ್ರೈವರ್ ಹೋಗಬಹುದಾದ ಪ್ರತಿ ದಾರಿಯೂ ಪುಟ್ಟದರಲ್ಲಿ ಇದ್ದೇ ಇರುವ ಹಾಗೆ ಅದನ್ನು ಕಟ್ಟಿರುತ್ತಾರೆ.

ಆದರೆ ಪುಟ್ಟದರಲ್ಲಿ ನಿಯಮ ಮುರಿದದ್ದು ಕಂಡರೆ ತಕ್ಷಣ ಡ್ರೈವರ್ ಕೆಟ್ಟದ್ದು ಅನ್ನುವಂತಿಲ್ಲ. ಮತ್ತೆ ಪಹಣಿಗೇ ಬನ್ನಿ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಅಂತ ಇದೆ. ನೀವು ಹೇಳ್ತೀರಿ, ಅದು ತೀರಿಸಿ ಐದು ವರ್ಷ ಆಯ್ತು ಸ್ವಾಮಿ, ಎಂಟ್ರಿ ತೆಗೆದಿಲ್ಲ ಅಷ್ಟೇ. ಆಗ ಬ್ಯಾಂಕಿನವರು ಇನ್ನೊಂದು ಕಾಗದ ಕೇಳುತ್ತಾರೆ, ಋಣಮುಕ್ತ ಪತ್ರ. ಬೇರೆ ಹತ್ತು ದಾಖಲೆ ಬೇಡ, ಈ ಅನುಮಾನ ತೀರಿಸಲು ಬೇಕಾದ ಆ ಒಂದೇ ಕಾಗದ. ಸ್ಲಾಮ್ ಕೂಡ ಹೀಗೇ. ತಪ್ಪು ಕಂಡ ದಾರಿಯನ್ನು ಹಿಡಿದು ನಿಜವಾದ ಡ್ರೈವರಿಗೆ ವಾಪಸ್ ಹೋಗಿ, ಈ ದಾರಿಯಲ್ಲಿ ನಿಜಕ್ಕೂ ಹೋಗಲು ಸಾಧ್ಯವಾ ಅಂತ ಪರೀಕ್ಷೆ ಮಾಡುತ್ತದೆ. ಸಾಧ್ಯ ಅಂದರೆ ನಿಜವಾದ ತಪ್ಪು ಸಿಕ್ಕಿತು. ಸಾಧ್ಯ ಇಲ್ಲ ಅಂದರೆ, ಯಾವ ಸಂಗತಿ ಬಿಟ್ಟುಹೋಗಿದ್ದಕ್ಕೆ ಈ ಸುಳ್ಳು ಅನುಮಾನ ಬಂತು ಅಂತ ತಾನೇ ಕಂಡುಹಿಡಿದು, ಅದೊಂದನ್ನು ಸೇರಿಸಿಕೊಂಡು ಮೊದಲಿನಿಂದ ಶುರು ಮಾಡುತ್ತದೆ.

ಬಾಲ್ ಮತ್ತು ರಾಜಮಣಿ ತಮ್ಮ ಪ್ರಬಂಧದಲ್ಲಿ ಕೊಟ್ಟ ಉದಾಹರಣೆ ಸಣ್ಣದು, ಆದರೆ ಅದರಲ್ಲಿ ಇಡೀ ವಿಷಯ ಇದೆ. ಅದನ್ನು ನಮ್ಮ ಗೋಡೌನಿಗೆ ತಂದು ಹೇಳುತ್ತೇನೆ.

ಗೋಡೌನಿಗೆ ಒಂದೇ ಕೀಲಿಕೈ. ಗೂಟದಲ್ಲಿ ನೇತಾಡುತ್ತಿದೆ. ನಿಯಮ ಏನಂದರೆ, ಕೈಯಲ್ಲಿ ಕೀಲಿ ಇರುವವನು ಮತ್ತೆ ಕೀಲಿ ತೆಗೆಯಲು ಹೋಗಬಾರದು, ಕೀಲಿ ಇಲ್ಲದವನು ವಾಪಸ್ ಹಾಕಲು ಹೋಗಬಾರದು. ಕೆಲಸದವನು ಕೀಲಿ ತೆಗೆದುಕೊಂಡು, ಈಗ ಎಷ್ಟು ಚೀಲ ಇದೆ ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಹೊಸ ಚೀಲ ಬಂದಿದ್ದರೆ ಕೀಲಿಯನ್ನು ಗೂಟಕ್ಕೆ ಹಾಕಿ, ಚೀಲ ಇಳಿಸಿ, ಲೆಕ್ಕದ ಪುಸ್ತಕದಲ್ಲಿ ಒಂದು ಹೆಚ್ಚಿಸುತ್ತಾನೆ. ಬಂದಿಲ್ಲದಿದ್ದರೆ ಏನೂ ಮಾಡಲ್ಲ. ಆಮೇಲೆ ಚೀಟಿ ಮತ್ತು ಪುಸ್ತಕ ಎರಡನ್ನೂ ನೋಡುತ್ತಾನೆ. ಲೆಕ್ಕ ಬೇರೆ ಬೇರೆ ಇದ್ದರೆ ಮೊದಲಿನಿಂದ ಶುರು. ಒಂದೇ ಇದ್ದರೆ ಕೀಲಿ ಗೂಟಕ್ಕೆ ಹಾಕಿ ಮನೆಗೆ.

ಸ್ಲಾಮ್ ಮೊದಲ ಸುತ್ತಿನಲ್ಲಿ ಕೀಲಿಯನ್ನು ಮಾತ್ರ ಗಮನಿಸುತ್ತದೆ, ಚೀಲದ ಲೆಕ್ಕ ನೋಡಲ್ಲ. ಆಗ ಅದಕ್ಕೆ ಅನುಮಾನ ಬರುತ್ತದೆ: ಚೀಲ ಬರಲಿಲ್ಲ, ಕೀಲಿ ಇವನ ಕೈಯಲ್ಲೇ ಇದೆ, ಹೀಗೇ ಮೊದಲಿನಿಂದ ಶುರು ಮಾಡಿದರೆ ಎರಡನೇ ಸಲ ಕೀಲಿಗೆ ಕೈ ಹಾಕುತ್ತಾನಲ್ಲ! ನಿಜವಾದ ಪ್ರೋಗ್ರಾಂಗೆ ಹೋಗಿ ನೋಡಿದರೆ ಹಾಗಾಗಲು ಸಾಧ್ಯವಿಲ್ಲ. ಚೀಲ ಬರದಿದ್ದರೆ ಚೀಟಿ ಮತ್ತು ಪುಸ್ತಕ ಒಂದೇ ಇರುತ್ತದೆ, ಒಂದೇ ಇದ್ದರೆ ಮೊದಲಿನಿಂದ ಶುರು ಮಾಡೋದೇ ಇಲ್ಲ. ಸರಿ, ಹಾಗಾದರೆ ಚೀಟಿ ಮತ್ತು ಪುಸ್ತಕ ಒಂದೇನಾ ಅನ್ನುವ ಒಂದು ಸಂಗತಿ ಸೇರಿಸಿಕೊಳ್ಳೋಣ ಅಂತ ಎರಡನೇ ಸುತ್ತು ಹೋಗುತ್ತದೆ. ಈ ಸಲ ಎಲ್ಲ ದಾರಿಯೂ ಸರಿ. ಕೆಲಸ ಮುಗಿಯಿತು.

ಇದರಲ್ಲಿ ಸ್ವಾರಸ್ಯ ಏನು ಗೊತ್ತಾ? ಚೀಲ ಹತ್ತು ಬಂತಾ, ಹತ್ತು ಲಕ್ಷ ಬಂತಾ ಅನ್ನೋದನ್ನು ಅದು ಕೊನೆಗೂ ಕೇಳಲೇ ಇಲ್ಲ. ಟೆಸ್ಟಿಂಗ್ ಮಾಡುವವನು ಒಂದು ಚೀಲ, ಎರಡು ಚೀಲ ಅಂತ ಓಡಿಸುತ್ತಲೇ ಇರಬೇಕಿತ್ತು. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಇದು ಅರ್ಥ ಆಯ್ತು ಅಂದರೆ ಯೋಚನೆ ಎಷ್ಟು ಸರಳ ನೋಡಿ. ಅದನ್ನು ಸಿ ಭಾಷೆಯ ನಿಜವಾದ ಡ್ರೈವರಿಗೆ ಅನ್ವಯಿಸುವುದು ಮಾತ್ರ ಸರಳ ಅಲ್ಲ. 2001ರಲ್ಲಿ ಆ ಭಾಗದ ಬಗ್ಗೆ ಬಂದ ಪ್ರಬಂಧದಲ್ಲಿ ಬಾಲ್, ರಾಜಮಣಿ ಜೊತೆ ರೂಪಕ್ ಮಜುಂದಾರ್ ಮತ್ತು ಟಾಡ್ ಮಿಲ್‌ಸ್ಟೀನ್ ಹೆಸರೂ ಇದೆ. ಹತ್ತು ವರ್ಷದ ನಂತರ ಆ ಪ್ರಬಂಧಕ್ಕೆ, ಆ ವರ್ಷದ ಸಮ್ಮೇಳನದ ಅತ್ಯಂತ ಪ್ರಭಾವಶಾಲಿ ಪ್ರಬಂಧ ಅನ್ನುವ ಪ್ರಶಸ್ತಿ ಬಂತು.

ಟ್ಯೂರಿಂಗ್ ಹೇಳಿದ ಮಿತಿ ಇಲ್ಲೂ ತಪ್ಪಿದ್ದಲ್ಲ. ಕೆಲವು ಡ್ರೈವರಿನ ಮೇಲೆ ಸ್ಲಾಮ್ ಸುತ್ತುತ್ತಲೇ ಇದ್ದು, ಗೊತ್ತಾಗಲಿಲ್ಲ ಅಂತ ಕೈಚೆಲ್ಲುತ್ತದೆ.

ಪ್ರಯೋಗಾಲಯದಿಂದ ಹೊರಗೆ

2002ರ ಏಪ್ರಿಲ್‌ನಲ್ಲಿ ಹಾರ್ಡ್‌ವೇರ್ ಎಂಜಿನಿಯರುಗಳ ಸಮ್ಮೇಳನದಲ್ಲಿ ಬಿಲ್ ಗೇಟ್ಸ್ ಭಾಷಣ ಮಾಡುತ್ತ, ದಶಕಗಳಿಂದ ಕೈಗೆಟುಕದೆ ಇದ್ದ ಸಾಫ್ಟ್‌ವೇರ್ ರುಜುವಾತು ಈಗ ಡ್ರೈವರ್‌ಗಳ ಮಟ್ಟಿಗೆ ಸಾಧ್ಯವಾಗುತ್ತಿದೆ ಅನ್ನುವ ಅರ್ಥದ ಮಾತು ಹೇಳಿದರು. ಸ್ಲಾಮ್ ಎಂಜಿನ್ನಿನ ಸುತ್ತ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಅನ್ನುವ ಸಾಧನ ತಯಾರಾಯ್ತು. ಚಿಕ್ಕದಾಗಿ ಎಸ್‌ಡಿವಿ. ವಿಂಡೋಸ್ ವಿಸ್ಟಾ ಕಾಲದಲ್ಲಿ, ಡ್ರೈವರ್ ಬರೆಯುವ ಎಲ್ಲ ಕಂಪನಿಗೂ ಸಿಗುವ ಕಿಟ್ಟಿನಲ್ಲೇ ಅದನ್ನು ಸೇರಿಸಿ ಕೊಟ್ಟರು.

ಎಂಜಿನ್ ಒಂದಿದ್ದರೆ ಸಾಲದು. ಯಾವ ನಿಯಮ ಪರೀಕ್ಷಿಸಬೇಕು ಅಂತ ಯಾರಾದರೂ ಬರೆಯಬೇಕಲ್ಲ. ವಿಂಡೋಸ್ ವಿಭಾಗದ ಎಂಜಿನಿಯರುಗಳು ಸೇರಿ ಕಾಲಕ್ರಮೇಣ ನೂರಕ್ಕೂ ಹೆಚ್ಚು ನಿಯಮ ಬರೆದರು. ಬೀಗ ಎರಡು ಸಲ ಹಾಕಬಾರದು. ಮುಗಿಸಿದ ಕೋರಿಕೆಯನ್ನು ಇನ್ನೊಂದು ಸಲ ಮುಗಿಸಬಾರದು. ತುರ್ತು ಹಂತದಲ್ಲಿ ಇರುವಾಗ ಕಾಯಿಸುವ ಕೆಲಸಕ್ಕೆ ಕೈ ಹಾಕಬಾರದು. ಡ್ರೈವರಿನ ಸುತ್ತ ಇರುವ ವಿಂಡೋಸ್ ಹೇಗೆ ನಡೆದುಕೊಳ್ಳುತ್ತದೆ ಅನ್ನೋದರ ಮಾದರಿಯನ್ನೂ ಬರೆಯಬೇಕಾಯ್ತು.

ಬೆಂಗಳೂರು

ಮೈಕ್ರೋಸಾಫ್ಟ್ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದದ್ದು 2005ರ ಜನವರಿಯಲ್ಲಿ, ಪಿ. ಆನಂದನ್ ನೇತೃತ್ವದಲ್ಲಿ. ರಾಜಮಣಿ 2006ರ ಹೊತ್ತಿಗೆ ಇಲ್ಲಿಗೆ ಬಂದರು. ಸ್ಲಾಮ್ ನಂತರದ ಹೆಜ್ಜೆ ಇಲ್ಲೇ ಇಟ್ಟರು. ಅದರ ಹೆಸರು ಯೋಗಿ. ಆದಿತ್ಯ ನೋರಿ ಮತ್ತು ಇತರರ ಜೊತೆ ಮಾಡಿದ ಈ ಕೆಲಸದಲ್ಲಿ ಟೆಸ್ಟಿಂಗನ್ನೂ ರುಜುವಾತನ್ನೂ ಜೋಡಿ ಎತ್ತಿನ ಹಾಗೆ ಕಟ್ಟಿದರು. ಟೆಸ್ಟ್ ಓಡಿಸಿ ಸಿಕ್ಕ ಮಾಹಿತಿ ರುಜುವಾತಿಗೆ ಸಹಾಯ, ರುಜುವಾತು ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅದು ಮುಂದಿನ ಟೆಸ್ಟಿಗೆ ದಾರಿ. ಅದಾದ ಮೇಲೆ ಇದೇ ಕೇಂದ್ರದ ಆಕಾಶ್ ಲಾಲ್, ಶಾಜ್ ಖದೀರ್ ಜೊತೆ ಸೇರಿ ಕಟ್ಟಿದ ಕೋರಲ್ ಅನ್ನುವ ಹೊಸ ಎಂಜಿನ್ನನ್ನು ಎಸ್‌ಡಿವಿಗೆ ಅಳವಡಿಸಿದ ಬಗ್ಗೆ 2014ರಲ್ಲಿ ಪ್ರಬಂಧ ಬಂತು. ಅಂದರೆ ಜಗತ್ತಿನ ಡ್ರೈವರ್‌ಗಳನ್ನು ಜರಡಿ ಹಿಡಿಯುವ ಯಂತ್ರದ ಒಂದು ಭಾಗ ಬೆಂಗಳೂರಿನಲ್ಲೇ ತಯಾರಾಯ್ತು ಅಂತಾಯ್ತು.

2011ರಲ್ಲಿ ಈ ಕ್ಷೇತ್ರದ ದೊಡ್ಡ ಸಮ್ಮೇಳನವಾದ ಸಿಎವಿ, ತನ್ನ ವಾರ್ಷಿಕ ಪ್ರಶಸ್ತಿಯನ್ನು ಬಾಲ್ ಮತ್ತು ರಾಜಮಣಿ ಇಬ್ಬರಿಗೂ ಕೊಟ್ಟಿತು. ಈ ವಿದ್ಯೆ ಪುಸ್ತಕದಲ್ಲಿ ಮಾತ್ರ ಅಲ್ಲ, ನಿಜವಾದ ಪ್ರೋಗ್ರಾಂ ಮೇಲೂ ನಡೆಯುತ್ತದೆ ಅಂತ ತೋರಿಸಿದ್ದಕ್ಕೆ.

ಕರ್ನಾಟಕಕ್ಕೆ ಈ ವಿದ್ಯೆಯ ಸಂಬಂಧ ಇವರೊಬ್ಬರಿಂದ ಶುರುವಾದದ್ದಲ್ಲ. ಆರ್.ಕೆ. ಶ್ಯಾಮಸುಂದರ್ ಅಂತ ಇದ್ದಾರೆ. ಹೆಸರಿನ ಮೊದಲ ಆರ್ ಅಂದರೆ ರುದ್ರಪಟ್ಟಣ. ಹಾಸನ ಜಿಲ್ಲೆ ಅರಕಲಗೂಡು ತಾಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಅಂದರೆ ನಮಗೆ ನೆನಪಾಗೋದು ಆರ್.ಕೆ. ಶ್ರೀಕಂಠನ್ ಅವರ ಸಂಗೀತ. ಶ್ಯಾಮಸುಂದರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳ ಕಾಲ ಇದ್ದು, ನಂತರ ಐಐಟಿ ಬಾಂಬೆಗೆ ಹೋದವರು. ಹೇಳಿದ ಹೊತ್ತಿಗೆ ಸರಿಯಾಗಿ ಸ್ಪಂದಿಸಲೇಬೇಕಾದ ಪ್ರೋಗ್ರಾಂಗಳ ಲೆಕ್ಕಾಚಾರ ಅವರ ಕ್ಷೇತ್ರ. ಫ್ರಾನ್ಸಿನ ಜೆರಾರ್ ಬೆರಿ ಮತ್ತು ಎಸ್. ರಮೇಶ್ ಜೊತೆ 1993ರಲ್ಲಿ ಅವರು ಪ್ರಕಟಿಸಿದ ಕೆಲಸವನ್ನು ಈ ವಿಷಯದವರು ಇವತ್ತಿಗೂ ಉಲ್ಲೇಖಿಸುತ್ತಾರೆ. ಇನ್ನು ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ದೀಪಕ್ ಡಿಸೋಜ ಮತ್ತು ಸಂಗಡಿಗರು, ಪುಟ್ಟ ಯಂತ್ರಗಳ ಒಳಗೆ ಕೂರುವ ಫ್ರೀಆರ್‌ಟಿಓಎಸ್ ಅನ್ನುವ ಸಣ್ಣ ಆಪರೇಟಿಂಗ್ ಸಿಸ್ಟಂನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸುವ ಭಾಗ ಸರಿ ಇದೆಯಾ ಅಂತ ಇದೇ ರೀತಿ ಗಣಿತದಲ್ಲಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ್ದಾರೆ.

2024ರ ಜುಲೈ 19

ಇಷ್ಟೆಲ್ಲ ಇದ್ದೂ ಆ ದಿನ ಯಾಕೆ ಹಾಗಾಯ್ತು ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಶುಕ್ರವಾರ ಬೆಳಿಗ್ಗೆ ನಮ್ಮ ಸಮಯ 9.39ಕ್ಕೆ ಒಂದು ಅಪ್‌ಡೇಟ್ ಕಳಿಸಿತು. 78 ನಿಮಿಷದಲ್ಲಿ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ಪರದೆ ಹೊಡೆದು ಕೂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಇಂಡಿಗೋದವರು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಅದೇ ದಿನ. ನಮ್ಮ ಸಣ್ಣ ಅಂಗಡಿಗಳ ಕಂಪ್ಯೂಟರ್‌ಗಳಿಗೆ ಏನೂ ಆಗಲಿಲ್ಲ, ಯಾಕೆಂದರೆ ಈ ಸಾಫ್ಟ್‌ವೇರ್ ಹಾಕಿಸಿಕೊಳ್ಳೋದು ದೊಡ್ಡ ಸಂಸ್ಥೆಗಳು.

ಕಾರಣ ನಂಬಲಿಕ್ಕೆ ಆಗದಷ್ಟು ಸಣ್ಣದು ಮಾರಾಯ್ರೆ. ಕಂಪನಿಯೇ ಬಿಡುಗಡೆ ಮಾಡಿದ ವರದಿ ಪ್ರಕಾರ, ಹೊಸ ನಮೂನೆಯಲ್ಲಿ 21 ಮಾಹಿತಿ ಇರುತ್ತದೆ ಅಂತ ಒಂದು ಕಡೆ ಬರೆದಿತ್ತು, ಕೊಡುವ ಭಾಗ 20 ಮಾತ್ರ ಕೊಡುತ್ತಿತ್ತು. ಅಪ್‌ಡೇಟ್ ಬಂದಾಗ ಪ್ರೋಗ್ರಾಂ 21ನೇ ಮನೆಗೆ ಕೈ ಹಾಕಿತು, ಅಲ್ಲಿ ತನ್ನದಲ್ಲದ ಜಾಗ. ಪ್ರೋಗ್ರಾಂ ಓಡುತ್ತಿದ್ದದ್ದು ಅಡಿಗೆಮನೆಯಲ್ಲಿ.

ಆ ಡ್ರೈವರಿಗೆ ಮೈಕ್ರೋಸಾಫ್ಟ್ ಪ್ರಮಾಣಪತ್ರ ಇತ್ತು. ಆದರೆ ಆ ದಿನ ಹೊರಗಿನಿಂದ ಬಂದದ್ದು ಹೊಸ ಡ್ರೈವರ್ ಅಲ್ಲ, ಅದು ಓದುವ ಡೇಟಾ ಫೈಲು. ಅಂಥ ಫೈಲು ಪ್ರತಿ ಸಲವೂ ಆ ಪರೀಕ್ಷೆಯ ದಾರಿಯಲ್ಲಿ ಬರೋದಿಲ್ಲ. ಎಸ್‌ಡಿವಿಯ ಕೆಲಸ, ಡ್ರೈವರ್ ವಿಂಡೋಸ್ ಜೊತೆ ನಿಯಮದ ಪ್ರಕಾರ ನಡೆದುಕೊಳ್ಳುತ್ತದಾ ಅಂತ ನೋಡೋದು. ಡ್ರೈವರ್ ತನ್ನ ಸ್ವಂತ ಫೈಲನ್ನು ಸರಿಯಾಗಿ ಎಣಿಸುತ್ತದಾ ಅನ್ನೋದು ಆ ನಿಯಮಗಳ ಪಟ್ಟಿಗೆ ಸೇರಿದ್ದಲ್ಲ. 11ನೇ ಕಾಲಂ ಕ್ಲೀನ್ ಇದ್ದ ಮಾತ್ರಕ್ಕೆ ಗಡಿ ತಕರಾರು ಇಲ್ಲ ಅಂತ ಆಗಲ್ಲ.

ಇನ್ನೊಂದು ಸುದ್ದಿ. ವಿಂಡೋಸ್ 11ರ 24ಎಚ್2 ಆವೃತ್ತಿಯ ಕಿಟ್ಟಿನಿಂದ ಮೈಕ್ರೋಸಾಫ್ಟ್ ಎಸ್‌ಡಿವಿಯನ್ನು ಕೈಬಿಟ್ಟಿದೆ. ಈಗ ಡ್ರೈವರ್ ಬರೆಯುವವರು ಕೋಡ್‌ಕ್ಯೂಎಲ್ ಅನ್ನುವ ಸಾಧನ ಬಳಸಬೇಕು. ಅದರ ರೀತಿ ಬೇರೆ. ಗೊತ್ತಿರುವ ತಪ್ಪುಗಳ ಚಹರೆ ಕೊಟ್ಟು, ಇಂಥದ್ದು ಎಲ್ಲಾದರೂ ಇದೆಯಾ ಅಂತ ಬರವಣಿಗೆಯಲ್ಲಿ ಹುಡುಕುತ್ತದೆ. ಬೇಗ ಆಗುತ್ತದೆ, ದೊಡ್ಡ ಪ್ರೋಗ್ರಾಂಗೂ ನಡೆಯುತ್ತದೆ. ಎಲ್ಲ ದಾರಿ ನೋಡಿದೆ ಅನ್ನುವ ಖಾತ್ರಿಯನ್ನು ಮಾತ್ರ ಸ್ಲಾಮ್ ರೀತಿಯಲ್ಲಿ ಕೊಡೋದಿಲ್ಲ. ಕಂಪನಿಗಳಿಗೆ ಇದು ಅನುಕೂಲ ಇರಬಹುದು. ನನಗೇನೋ ಇದು ಆರಿಸುವ ಕಣದಿಂದ ಮತ್ತೆ ಹಿಡಿ ತೆಗೆದು ನೋಡುವ ಕಡೆಗೆ ಒಂದು ಹೆಜ್ಜೆ ಹಿಂದೆ ಹೋದ ಹಾಗೆ ಕಾಣುತ್ತದೆ.

ಅಂಗಡಿಯವರು ಏನು ಮಾಡಬಹುದು?

ನೀಲಿ ಪರದೆ ಬಂದರೆ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ವಿಂಡೋಸ್ 11ರಲ್ಲಿ 2025ರಿಂದ ಈ ಪರದೆಯ ಬಣ್ಣ ಕಪ್ಪಾಗಿದೆ, ವಿಷಯ ಅದೇ. ಅದರಲ್ಲಿ ಸ್ಟಾಪ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ಅಂತಿದ್ದರೆ, ಯಾವುದೋ ಡ್ರೈವರ್ ತುರ್ತು ಹಂತದಲ್ಲಿ ಇರುವಾಗ ಮುಟ್ಟಬಾರದ ಮೆಮೊರಿ ಮುಟ್ಟಿದೆ ಅಂತ ಅರ್ಥ. ಮೇಲೆ ಹೇಳಿದ ನಿಯಮಗಳ ಜಾತಿಯದ್ದೇ ಇದು. ಅದರ ಕೆಳಗೆ ಕೆಲವು ಸಲ ವಾಟ್ ಫೇಲ್ಡ್ ಅಂತ ಒಂದು ಫೈಲಿನ ಹೆಸರು ಬರುತ್ತದೆ, ಕೊನೆಗೆ ಡಾಟ್ ಎಸ್‌ವೈಎಸ್ ಇರುತ್ತದೆ. ಅದು ಯಾವ ಕಂಪನಿಯ ಡ್ರೈವರ್ ಅಂತ ಹೇಳುವ ಗುರುತು.

ಆ ಫೋಟೋ ರಿಪೇರಿಯವರಿಗೆ ತೋರಿಸಿ. ಫೋಟೋ ಇಲ್ಲದಿದ್ದರೆ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕೋದೇ ಅವರಿಗೆ ಸುಲಭದ ದಾರಿ, ನಿಮ್ಮ ಹಳೇ ಬಿಲ್ಲೆಲ್ಲ ಅದರ ಜೊತೆ ಹೋಗಬಹುದು. ಫೈಲಿನ ಹೆಸರು ಗೊತ್ತಿದ್ದರೆ ಆ ಒಂದು ಡ್ರೈವರ್ ತೆಗೆದು, ಪ್ರಿಂಟರ್ ಅಥವಾ ಆ ಸಾಧನ ಮಾಡಿದ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಹೊಸದು ಹಾಕಿಸಿದರೆ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಹೊಸ ಪ್ರಿಂಟರೋ ಬೆರಳಚ್ಚು ಯಂತ್ರವೋ ಜೋಡಿಸಿದ ವಾರದಲ್ಲೇ ತೊಂದರೆ ಶುರುವಾಗಿದ್ದರೆ ಅದನ್ನೂ ಹೇಳಿ. ಎಲ್ಲಿಂದಲೋ ಇಳಿಸಿಕೊಂಡ ಡ್ರೈವರ್ ಪ್ಯಾಕ್‌ಗಳನ್ನು ಹಾಕಿಸಬೇಡಿ. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇದೆಯಾ ಅಂತ ಅಂಗಡಿ ಬಾಗಿಲು ಹಾಕುವ ಮೊದಲು ಒಂದು ಸಲ ನೋಡಿಕೊಳ್ಳಿ.